ಹೊಂಟ ಶಿಕ್ಕಾ, ಮುಟ್ಟಿದ ಶಿಕ್ಕಾ

ಮನುಷ್ಯ ಸತ್ತ ಮೇಲೆ ಎಲ್ಲಿಗೆ ಹೋಗುತ್ತಾನೆ ಎಂಬ ಪ್ರಶ್ನೆ ದೊಡ್ಡ ದೊಡ್ಡ ಜ್ಞಾನಿಗಳನ್ನೂ ದಣಿಸಿದೆ. ನಮ್ಮ ಮನೆಯ ಹೆಂಗಸರು ಮಾತ್ರ ದಣಿದವರಲ್ಲ. ಒಂದು ಬೊಗಸೆ ಜೋಳದ ಹಿಟ್ಟು, ಒಂದು ಹಣತೆ, ಮುಚ್ಚಲು ಒಂದು ಬಿದಿರಿನ ಬುಟ್ಟಿ, ಇಷ್ಟರಲ್ಲೇ ಅವರು ಬೆಳಗಾಗುವುದರೊಳಗೆ ಉತ್ತರ ತೆಗೆಯುತ್ತಿದ್ದರು.

ಜೀವ ಹೋದ ಜಾಗದಲ್ಲಿ ಹಿಟ್ಟನ್ನು ನುಣ್ಣಗೆ ಹರವಿ, ಪಕ್ಕದಲ್ಲಿ ದೀಪವಿಟ್ಟು, ಹಿಟ್ಟಿಗೆ ಬುಟ್ಟಿ ಮುಚ್ಚಿಡುವುದು. ಮುಂಜಾನೆ ಬುಟ್ಟಿ ಎತ್ತಿ ಏನು ಗುರುತು ಬಿದ್ದಿದೆ ಎಂದು ನೋಡುವುದು. ಹಕ್ಕಿಯ ಕಾಲು ಬಿದ್ದಿದ್ದರೆ ಹಕ್ಕಿಯಾದರು, ಗೊರಸು ಬಿದ್ದಿದ್ದರೆ ದನವಾದರು. ನಮ್ಮದು ಲಿಂಗವಂತರ ಮನೆತನ. ಹೋದವರು ಲಿಂಗದಲ್ಲಿ ಒಂದಾಗುತ್ತಾರೆ, ಮುಂದೆ ಪ್ರಯಾಣವೆಂಬುದೇ ಇಲ್ಲ ಎಂದು ಮಠದ ಅಯ್ಯನವರು ಪ್ರತಿ ಸಲವೂ ತಿಳಿಯ ಹೇಳಿ, ಊಟ ಮಾಡಿ ಹೋಗುತ್ತಿದ್ದರು. ಅವರು ಹೊಸ್ತಿಲು ದಾಟಿದ ಕೂಡಲೇ ಹೆಂಗಸರು ಹಿಟ್ಟು ಸಾಣಿಸಲು ಕೂಡುತ್ತಿದ್ದರು.

ನಾನು ಇದನ್ನೆಲ್ಲ ನಂಬಿದವನಲ್ಲ. ಜಮಖಂಡಿಯ ಕೋರ್ಟಿನಲ್ಲಿ ಶಿರಸ್ತೇದಾರನಾಗಿ ತಲೆ ಬೆಳ್ಳಗೆ ಮಾಡಿಕೊಂಡವನು. ಆಣೆ ಮಾಡಿ ಖರೆ ಹೇಳಿದವರಿಗಿಂತ ಆಣೆ ಮಾಡಿ ಸುಳ್ಳು ಹೇಳಿದವರನ್ನೇ ಹೆಚ್ಚು ಕಂಡವನು. ಕಣ್ಣಾರೆ ಕಂಡೆ ಎನ್ನುವವನ ಮಾತಿಗೆ ಎಷ್ಟು ತೂಕ ಕೊಡಬೇಕೆಂಬುದು ನನಗೆ ಚೆನ್ನಾಗಿ ಗೊತ್ತು. ಈಗ ನಾನೇ ಕಣ್ಣಾರೆ ಕಂಡೆ ಎಂದು ಹೇಳಲು ಹೊರಟಿದ್ದೇನೆ. ಓದುವವರು ತಮಗೆ ಸರಿಕಂಡಷ್ಟು ತೂಕ ಕೊಡಲಿ. ಇನ್ನೊಂದು ಮಾತು: ಆದದ್ದು ಅಮಾವಾಸ್ಯೆಯ ರಾತ್ರಿಯಲ್ಲ. ಬೀಳಗಿ ತಾಲ್ಲೂಕಿನ ಬೇಸಗೆಯ ಹಾಡಹಗಲು, ನೆರಳಿಗೆ ಒಂದು ಜಾಲಿಗಿಡವೂ ಇಲ್ಲದ ಬಯಲಿನಲ್ಲಿ. ದೆವ್ವಗಳಿಗೆ ಬೇಕಾದ ಯಾವ ಸೌಕರ್ಯವೂ ಅಲ್ಲಿರಲಿಲ್ಲ.

ಸಂಗಪ್ಪ ಕಾಕಾ ನಮ್ಮಪ್ಪನ ತಮ್ಮ. ಕೃಷ್ಣೆಯ ದಂಡೆಯ ನಮ್ಮೂರಿನಲ್ಲಿ ಟಪಾಲು ಕಚೇರಿ ನಡೆಸುತ್ತಿದ್ದ. ಕಚೇರಿ ಎಂದರೆ ಅವನ ಮನೆಯ ಪಡಸಾಲೆ: ಒಂದು ಮೇಜು, ಒಂದು ಸಣ್ಣ ತಕ್ಕಡಿ, ಒಂದು ಶಿಕ್ಕಾ. ಶಿಕ್ಕಾ ಎಂದರೆ ಟಪಾಲಿನ ಮೇಲೆ ಹೊಡೆಯುವ ದುಂಡು ಮುದ್ರೆ. ಅಂಚಿನಲ್ಲಿ ಊರ ಹೆಸರು, ನಡುವೆ ತಾರೀಖು. ಅದು ಎಂದೋ ಕಲ್ಲಿನ ಮೇಲೆ ಬಿದ್ದು, ಉಂಗುರದ ಎಡಗಡೆ ಕೆಳಗೆ ಚೂರು ಮುರಿದಿತ್ತು. ಹೀಗಾಗಿ ನಮ್ಮೂರಿಂದ ಹೊರಟ ಪ್ರತಿಯೊಂದು ಕಾಗದವೂ ಹಲ್ಲು ಬಿದ್ದ ಒಂದು ವೃತ್ತವನ್ನು ಹೊತ್ತುಕೊಂಡು ಹೋಗುತ್ತಿತ್ತು. ಊರ ಹೆಸರನ್ನು ಬರೆಯುವುದಿಲ್ಲ. ಬರೆದರೂ ಹುಡುಕಿಕೊಂಡು ಹೋಗಿ ಪ್ರಯೋಜನವಿಲ್ಲ. ಅದು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದೆ.

ಊರು ಬಿಡುವ ಕಾಲ ಬಂದಾಗ ಉಳಿದವರು ತೊಲೆ, ಬಾಗಿಲು, ಹಾಸುಗಲ್ಲು ಕಿತ್ತುಕೊಂಡರು. ಕಾಕಾ ಮನೆಮನೆಗೆ ಒಂದೊಂದು ಲಕೋಟೆ ಹಂಚಿದ. ನಿಮ್ಮ ಮನೆಯಿಂದ ನಿಮ್ಮ ಮನೆಗೇ ಒಂದು ಟಪಾಲು ಹಾಕಿರಿ, ಒಳಗೆ ಏನೂ ಬರೆಯುವುದು ಬೇಡ ಎಂದ. “ಊರಾಗ ನೀರ ಹೊಕ್ಕೂಕಿಂತ ಮೊದಲ ಮಾಸ್ತರನ ತಲ್ಯಾಗ ಹೊಕ್ಕೈತಿ” ಎಂದು ಜನ ನಕ್ಕರು. ಆದರೂ ಹಾಕಿದರು. ಪ್ರತಿ ಲಕೋಟೆಯ ಅಂಚೆಚೀಟಿಯ ಮೇಲೆ ಒಂದು ಶಿಕ್ಕಾ ಹೊಡೆದ, ಅದು ಹೊರಟದ್ದಕ್ಕೆ. ಮತ್ತೆ ಲಕೋಟೆ ತಿರುವಿ ಬೆನ್ನಿಗೊಂದು ಹೊಡೆದ, ಅದು ಮುಟ್ಟಿದ್ದಕ್ಕೆ. ಅವನ ಸಿದ್ಧಾಂತ ಸರಳವಾಗಿತ್ತು: “ಹೊಂಟದ್ದಕ್ಕೊಂದು, ಮುಟ್ಟಿದ್ದಕ್ಕೊಂದು. ಎರಡೂ ಶಿಕ್ಕಾ ಬಿದ್ದರ ಅದು ಟಪಾಲ. ಒಂದ ಬಿದ್ದರ ಹಾದ್ಯಾಗ ಕಳದದ್ದು.” ಆಮೇಲೆ ಆ ಎರಡೂ ತುಂಡುಗಳನ್ನು ಕತ್ತರಿಸಿ ಒಂದು ದಪ್ಪ ಆಲ್ಬಮ್ಮಿನಲ್ಲಿ ಅಂಟಿಸಿದ. ಒಂದು ಪುಟಕ್ಕೆ ಒಂದು ಓಣಿ. ಓಣಿಯಲ್ಲಿ ಮನೆಗಳು ಹೇಗಿದ್ದವೋ ಹಾಗೇ ಸಾಲು. ಒಂದು ಮನೆಗೆ ಒಂದು ಜೋಡಿ.

ಮೊದಲ ಪುಟದ ಮೊದಲ ಮನೆ ಅವನದೇ. ಅಲ್ಲಿ ಪೆನ್ಸಿಲ್ಲಿನಿಂದ ಎರಡು ಚೌಕ ಗೆರೆ ಹೊಡೆದು ಖಾಲಿ ಬಿಟ್ಟಿದ್ದ. “ನಮ್ಮದು ಕಡೀಕ” ಎಂದಿದ್ದ. ಕಚೇರಿ ಮುಚ್ಚಿ ಶಿಕ್ಕಾ ಒಯ್ಯಲು ಬರಬೇಕಾಗಿದ್ದ ಇಲಾಖೆಯ ಜೀಪು ಹೇಳಿದ್ದಕ್ಕಿಂತ ಒಂದು ದಿನ ಮುಂಚೆಯೇ ಬಂತು. ಕಾಕಾ ಸಹಿ ಮಾಡಿ ಶಿಕ್ಕಾ ಕೊಟ್ಟುಬಿಟ್ಟ. ಊರಿನ ಎಲ್ಲ ಮನೆಗಳ ಟಪಾಲೂ ಮುಟ್ಟಿತು. ಟಪಾಲು ಮಾಸ್ತರನದು ಹೊರಡಲೇ ಇಲ್ಲ.

ಜನ ದಿಕ್ಕಾಪಾಲಾದರು. ಕೆಲವರು ರನ್ನ ಬೆಳಗಲಿಯ ಕಡೆ ಹೊಲ ಹಿಡಿದರು, ಕೆಲವರು ರಬಕವಿ ಬನಹಟ್ಟಿಯ ಮಗ್ಗಗಳಿಗೆ ಸೇರಿದರು, ನಾನು ಅದಾಗಲೇ ಜಮಖಂಡಿಯವನಾಗಿದ್ದೆ. ಕಾಕಾ, ಅವನ ಹೆಂಡತಿ ಕಾಕು ಇಬ್ಬರೂ ಬೀಳಗಿಯ ಹತ್ತಿರದ ಪುನರ್ವಸತಿ ಕೇಂದ್ರದಲ್ಲಿ ಮನೆ ಕಟ್ಟಿದರು. ಅವರಿಗೆ ಮಕ್ಕಳಿರಲಿಲ್ಲ. ಹಳೆಯ ಊರಿನವರು ಹಬ್ಬಕ್ಕೋ ಮದುವೆಗೋ ಆ ಕಡೆ ಬಂದರೆ “ಮಾಸ್ತರ, ನಮ್ಮ ಮನಿ ತೋರಸು” ಎಂದು ಕೂಡುತ್ತಿದ್ದರು. ಕಾಕಾ ಪುಟ ತಿರುವಿ ಬೆರಳಿಡುತ್ತಿದ್ದ. ಅವರು ಸ್ವಲ್ಪ ಹೊತ್ತು ನೋಡಿ, ಚಹಾ ಕುಡಿದು ಹೋಗುತ್ತಿದ್ದರು.

ಕೆಲವು ವರ್ಷಗಳ ಹಿಂದೆ ಕಾಕಾ ತೀರಿಕೊಂಡ. ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲ, ಕುಣಿಯಲ್ಲಿ ಕೂಡಿಸಿ ಮಣ್ಣು ಕೊಡುತ್ತಾರೆ. ಹಿರಿಯರನ್ನೆಲ್ಲ ಹಳೆಯ ಊರಿನ ನಮ್ಮ ಹೊಲದಲ್ಲಿ ಕೂಡಿಸಿದ್ದರು. ಅವರು ಈಗಲೂ ಅಲ್ಲೇ, ನೀರಿನಡಿ ಸಾಲಾಗಿ ಕುಳಿತಿದ್ದಾರೆ. ಕಾಕಾನನ್ನು ಕೇಂದ್ರದ ಹೊಸ ರುದ್ರಭೂಮಿಯಲ್ಲಿ, ಎಡಕ್ಕೂ ಬಲಕ್ಕೂ ಬೇರೆ ಊರಿನವರ ನಡುವೆ ಕೂಡಿಸಬೇಕಾಯಿತು. ನೀಲವ್ವ ಕಾಕು ಬನಹಟ್ಟಿಯ ನೇಕಾರ ಮನೆಯ ಮಗಳು, ಮಾತು ಕಡಿಮೆ. ಅಂದು ಮಾತ್ರ ಕುಣಿಯ ದಂಡೆಯಲ್ಲಿ ನಿಂತು ಒಂದೇ ಮಾತನ್ನು ಹಾಡಿ ಹಾಡಿ ಅತ್ತಳು: “ಅವ್ವನ ಮಗ್ಗಲದಾಗ ಕುಂಡ್ರಾಂವ, ಗುರತ ಇಲ್ಲದವರ ನಡುವ ಕುಂತೆಲ್ಲೋ ನನ್ನ ರಾಜಾ.”

ಮರುದಿನ ಮುಂಜಾನೆ ಬುಟ್ಟಿ ಎತ್ತಿದಾಗ ಹಿಟ್ಟಿನ ಮೇಲೆ ಹಕ್ಕಿಯ ಕಾಲಿರಲಿಲ್ಲ, ಗೊರಸಿರಲಿಲ್ಲ. ಒಂದು ದುಂಡನೆಯ ಉಂಗುರ ಬಿದ್ದಿತ್ತು. ಎಡಗಡೆ ಕೆಳಗೆ ಚೂರು ಖಾಲಿ. ವೃತ್ತ ಬಿದ್ದರೆ ಏನಾದಂತೆ ಎಂಬುದನ್ನು ಹಿರಿಯರು ಯಾರೂ ಹೇಳಿ ಹೋಗಿರಲಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾಕು ಮಾತ್ರ ಬಾಗಿ ನೋಡಿ ಅಂದಳು: “ಶಿಕ್ಕಾ. ಹೊಂಟಾನ.”

ಯಾರೋ ಬಟ್ಟಲನ್ನು ಬೋರಲಿಟ್ಟು ತೆಗೆದಿರಬೇಕು, ಬಟ್ಟಲಿನ ಅಂಚು ಚೂರು ಒಡೆದಿರಬೇಕು ಎಂದು ನಾನು ತೀರ್ಪು ಕೊಟ್ಟೆ. ತೀರ್ಪು ಕೊಟ್ಟ ಮೇಲೆ ಪುರಾವೆ ಹುಡುಕುವುದು ಸರಿಯಾದ ಕ್ರಮವಲ್ಲ, ಆದರೂ ಅಡುಗೆಮನೆಗೆ ಹೋಗಿ ಬಟ್ಟಲು, ವಾಟಿ, ಗಿಂಡಿ ಎಲ್ಲವನ್ನೂ ತಪಾಸಣೆ ಮಾಡಿದೆ. ಅಂಚು ಒಡೆದದ್ದು ಒಂದೂ ಸಿಗಲಿಲ್ಲ.

ಆಲ್ಬಮ್ ನನ್ನ ಪಾಲಿಗೆ ಬಂತು. ಚಿಕ್ಕಂದಿನಲ್ಲಿ ನಾನೂ ಅಂಚೆ ಟಿಕೇಟು ಕೂಡಿಸುತ್ತಿದ್ದೆ ಎಂಬ ಒಂದೇ ಅಪರಾಧಕ್ಕೆ ಕಾಕಾ ಅದನ್ನು ನಾಲ್ಕು ಜನರೆದುರು ನನಗೆ ಹೇಳಿಟ್ಟಿದ್ದ. ಅದನ್ನು ಏನು ಮಾಡಬೇಕೆಂದು ಹೇಳಿರಲಿಲ್ಲ. ಪೂರ್ವಜರ ಆಸ್ತಿ ಎಂದರೆ ಹೀಗೇ, ಬರುವುದು ಬರುತ್ತದೆ, ಬಳಸುವ ಕ್ರಮ ಜೊತೆಗೆ ಬರುವುದಿಲ್ಲ. ಒಂದು ಸಂಸ್ಥೆಯವರನ್ನು ಕೇಳಿದೆ. ಅಗತ್ಯವಾಗಿ ಕೊಡಿ, ನಮ್ಮ ಗಾಜಿನ ಕಪಾಟಿನಲ್ಲಿ ಇಡುತ್ತೇವೆ ಎಂದರು. ಕಪಾಟಿನ ಕೀಲಿ ಮಾತ್ರ ಕಳೆದು ಬಹಳ ದಿನಗಳಾಗಿದ್ದವು. ಹುಬ್ಬಳ್ಳಿಯ ಒಬ್ಬ ಹವ್ಯಾಸಿ ಸಂಗ್ರಾಹಕರು ಫೋನಿನಲ್ಲಿ ಬಹಳ ಆಸಕ್ತಿ ತೋರಿಸಿದರು. ಟಿಕೇಟುಗಳು ಸಾಮಾನ್ಯ, ಆದರೆ ಮುಳುಗಿದ ಊರಿನ ಶಿಕ್ಕಾ ಇಷ್ಟು ಪೂರ್ತಿಯಾಗಿ ಎಲ್ಲೂ ಸಿಗುವುದಿಲ್ಲ, ಕೊಡುವುದಾದರೆ ನಾನೇ ಕಾಪಾಡುತ್ತೇನೆ ಎಂದರು. ಅವರ ಮಾತು ನನಗೆ ಸರಿ ಅನ್ನಿಸಿತು. ಕಾಕುವನ್ನು ಒಮ್ಮೆ ಕೇಳಿ ಕೊಟ್ಟುಬಿಡೋಣ ಎಂದುಕೊಂಡೆ.

ಕೇಂದ್ರಕ್ಕೆ ಹೋಗಿ ನೋಡಿದರೆ ಕಾಕು ಅರ್ಧವಾಗಿದ್ದಳು. ಕಾಕಾ ಜೀವ ಬಿಟ್ಟ ಜಾಗದಲ್ಲಿ ದೀಪ ಇನ್ನೂ ಉರಿಯುತ್ತಿತ್ತು. ಐದನೆಯ ದಿನವೋ ಒಂಬತ್ತನೆಯ ದಿನವೋ ತೆಗೆಯಬೇಕಾದ ದೀಪ, ತಿಂಗಳುಗಳಾದರೂ ತೆಗೆದಿರಲಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣುವುದಿಲ್ಲ, ದೀಪದ ಮುಂದೆಯೇ ಒರಗಿ ಕೂಡುತ್ತಾಳೆ ಎಂದು ನೆರೆಯವರು ದೂರು ಹೇಳಿದರು. ನಾನು ಸಂಗ್ರಾಹಕರ ವಿಷಯ ತೆಗೆದೆ.

“ಬ್ಯಾಡ ತಮ್ಮಾ,” ಎಂದಳು ಕಾಕು. “ನಿಮ್ಮ ಕಾಕಾ ಹೊಂಟಾನ, ಮುಟ್ಟಿಲ್ಲ. ಎಲ್ಲೆ ಕುಂತಾನೋ, ಯಾವ ಹಾದ್ಯಾಗ ಅದಾನೋ. ಅಂವಗ ಹೋಗಾಕ ಇರೂದ ಒಂದ ಊರು. ಆ ಊರು ನಿನ್ನ ಬುಕ್ಕಿನ್ಯಾಗ ಐತಿ. ಅದನ್ನ ಹುಬ್ಬಳ್ಳಿಗೆ ಕಳಸ್ತಿಯೇನ? ಊರ ಎಲ್ಲಿತ್ತೋ ಅಲ್ಲೆ ಒಯ್ದ ಇಟ್ಟ ಬಾ. ಬ್ಯಾಸಗ್ಯಾಗ ನೀರ ಇಳೀತೈತಿ.”

“ಅಲ್ಲಾ ಕಾಕು, ಮತ್ತ ನೀರ ಬಂತಂದ್ರ ಎಲ್ಲಾ ಹಾಳಾಗಿ ಹೋಗ್ತೈತಿ.”

“ಹೊಲಾ ಹೋತು, ಮನಿ ಹೋತು. ಟಿಕೇಟ ಉಳಿಸ್ಕೊಂಡ ಏನ ಮಾಡಾಂವ ನೀ?”

ಕಾಗದದ ತುಂಡುಗಳಿಗಾಗಿ ಒಬ್ಬಳು ಮುದುಕಿಯನ್ನು ದೀಪದ ಮುಂದೆ ಉಪವಾಸ ಸಾಯಿಸುವುದು ಯಾವ ನ್ಯಾಯ ಎಂದು ನಾನೇ ವಾದ ಮಾಡಿ ನಾನೇ ಸೋತೆ. ಸಂಗ್ರಾಹಕರಿಗೆ ತಿಳಿಸಿದಾಗ ಅವರು ಬಹಳ ನೊಂದು, ಕೊನೆಗೆ ಪುಟಗಳ ಫೋಟೋವನ್ನಾದರೂ ಕಳಿಸಿರಿ ಎಂದರು. ಹೊರಡುವ ಹಿಂದಿನ ದಿನ ಜಮಖಂಡಿಯ ನನ್ನ ಮನೆಯಲ್ಲಿ ಪ್ರತಿ ಪುಟದ ಫೋಟೋ ತೆಗೆದು ಕಳಿಸಿದೆ. ಮೊದಲ ಪುಟದ ಎರಡು ಚೌಕಗಳು ಖಾಲಿ ಇವೆಯಲ್ಲ ಎಂದು ಅವರು ಕೇಳಿದರು. ಹೌದು, ಅದು ಹಾಗೇ ಎಂದೆ. ಮುಂಜಾನೆ ಆಲ್ಬಮ್ಮನ್ನು ಚೀಲಕ್ಕೆ ಹಾಕುವಾಗ ಇನ್ನೊಮ್ಮೆ ತೆರೆದು ನೋಡಿದೆ. ಖಾಲಿಯೇ ಇದ್ದವು.

ಕೇಂದ್ರದಲ್ಲಿ ಕಾಕು ಮೊದಲೇ ಸಿದ್ಧಳಾಗಿ ಕುಳಿತಿದ್ದಳು. ಹಿನ್ನೀರಿಗೆ ಕರೆದೊಯ್ಯಲು ಟ್ರ್ಯಾಕ್ಟರ್ ತಂದವನು ಮಲ್ಲಪ್ಪ, ನನ್ನ ಸಾಲಿಯ ಗೆಳೆಯ. ನೀರು ಇಳಿದಾಗ ತೇವ ಆರದ ನೆಲದಲ್ಲಿ ಕಡಲೆಯನ್ನೋ ಜೋಳವನ್ನೋ ಬಿತ್ತಿಕೊಳ್ಳುವವನು. ಹೀಗಾಗಿ ಮುಳುಗಿದ ಊರಿನ ಮೇಲೆ ವರ್ಷಕ್ಕೊಮ್ಮೆ ನಡೆದಾಡುವ ಭಾಗ್ಯ ಅವನಿಗಿದೆ.

“ಲೇ ಶಿರಸ್ತೇದಾರ, ಊರಿಗೆ ಸಮನ್ಸ ತಗೊಂಡ ಹೊಂಟೀಯೇನಲೇ?” ಎಂದ.

“ಸುಮ್ನ ಗಾಡಿ ಹೊಡಿಯಲೇ,” ಎಂದೆ.

“ಊರ ಹಾಜರ ಇರಬೇಕಲ್ಲಪಾ ಮತ್ತ. ಇಲ್ಲಂದ್ರ ವಾರಂಟ ತರಬೇಕಾಕ್ಕೈತಿ.”

ಕಾಕುವೂ ಚೂರು ನಕ್ಕಳು. ಕಾಕಾ ಹೋದ ಮೇಲೆ ಅವಳು ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ. ಚೀಲ ದಾರಿಯುದ್ದಕ್ಕೂ ನನ್ನ ತೊಡೆಯ ಮೇಲಿತ್ತು. ನ್ಯಾಯವಾಗಿ ಹೇಳಬೇಕೆಂದರೆ, ರಸ್ತೆ ಬಿಟ್ಟು ಇಳಿಯುವ ಮೊದಲು ಚಹಾ ಕುಡಿದಾಗ ಅದನ್ನು ಟ್ರ್ಯಾಕ್ಟರಿನ ಸೀಟಿನ ಮೇಲಿಟ್ಟಿದ್ದೆ. ಅದರಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಾವು ಮೂವರೂ ನಿಂತಿದ್ದೆವು. ಎದುರು ಪಕ್ಷದವರಿಗೆ ಬೇಕಾದರೆ ಇದನ್ನು ಹಿಡಿದುಕೊಳ್ಳಬಹುದು.

ನೀರು ಬಹಳ ದೂರ ಸರಿದಿತ್ತು. ಬೂದಿಬಣ್ಣದ ಕೆಸರು ಒಣಗಿ ಚಕ್ಕೆ ಚಕ್ಕೆಯಾಗಿ ಬಿರಿದಿತ್ತು. ನಡುನಡುವೆ ಗೋಡೆಗಳ ತಳ ಮಾತ್ರ ಕಾಣುತ್ತಿತ್ತು, ಎಲ್ಲ ಒಂದೇ ಎತ್ತರ, ಒಂದೇ ಬಣ್ಣ. ಹುಟ್ಟಿದ ಊರು, ಆದರೂ ಒಂದು ಓಣಿಯೂ ಗುರುತು ಹತ್ತಲಿಲ್ಲ. ಆಗ ಕಾಕು ಆಲ್ಬಮ್ ತೆಗೆಯೆಂದಳು. ನಾನು ಪುಟ ಓದುತ್ತಾ ಹೋದೆ: ಗೌಡರ ಮನೆ, ಪಕ್ಕಕ್ಕೆ ಕಂಬಾರರು, ಆಮೇಲೆ ಸಂದಿ, ಆಮೇಲೆ ಗಾಣಿಗೇರ ಮೂರು ಮನೆ. ಮಲ್ಲಪ್ಪ ಮುಂದೆ ಮುಂದೆ ನಡೆದು ತಳಪಾಯಗಳನ್ನು ಎಣಿಸಿದ. ಟಿಕೇಟುಗಳ ಸಾಲು ಎಲ್ಲಿ ತಿರುಗಿತೋ ಗೋಡೆಗಳೂ ಅಲ್ಲೇ ತಿರುಗಿದವು. ತನ್ನ ಮನೆಯ ಜೋಡಿ ಬಂದಾಗ ಮಲ್ಲಪ್ಪ ಚಪ್ಪಲಿ ಬಿಟ್ಟು ಆ ತಳಪಾಯವನ್ನು ಸುತ್ತು ಹಾಕಿ ದಾಟಿದ. ಆಮೇಲೆ ಅವನು ಚೇಷ್ಟೆ ಮಾಡಲಿಲ್ಲ.

ಊರ ಆ ತುದಿಯಿಂದ ಓದುತ್ತಾ ಬಂದದ್ದರಿಂದ ಮೊದಲ ಪುಟ ಕೊನೆಗೆ ಬರಬೇಕಿತ್ತು. ಕಾಕಾನ ಮನೆಯ ಕಟ್ಟೆ ಸಿಕ್ಕಿತು. ಟಪಾಲು ಹಾಕಲು ಬಂದವರು ಕೂಡುತ್ತಿದ್ದ ಕಟ್ಟೆ, ಕಲ್ಲು ಗಟ್ಟಿಯಾಗಿದ್ದುದರಿಂದ ಅರ್ಧ ಉಳಿದಿತ್ತು. ಮಲ್ಲಪ್ಪ ಹಾರೆಯಿಂದ ಅದರ ಬುಡದಲ್ಲಿ ತಗ್ಗು ತೆಗೆದ. ಕಾಕು ತನ್ನ ಧಾರೆಸೀರೆಯ ಒಂದು ತುಂಡು ತಂದಿದ್ದಳು, ತವರಿನ ಮಗ್ಗದಲ್ಲಿ ನೇಯ್ದದ್ದು. ಅದರಲ್ಲಿ ಸುತ್ತುವ ಮೊದಲು ನಮ್ಮ ಮನೆಯ ಖಾಲಿ ಚೌಕಕ್ಕೆ ವಿಭೂತಿ ಹಚ್ಚಬೇಕು, ತೆಗೆ ಎಂದಳು.

ತೆಗೆದೆ. ಮೊದಲ ಚೌಕ ಖಾಲಿ ಇತ್ತು. ಎರಡನೆಯದರಲ್ಲಿ ಶಿಕ್ಕಾ ಇತ್ತು.

ಟಿಕೇಟು ಇರಲಿಲ್ಲ, ಲಕೋಟೆಯ ತುಂಡಿರಲಿಲ್ಲ. ಪುಟದ ಮೇಲೆಯೇ, ಪೆನ್ಸಿಲ್ ಗೆರೆಗಳ ನಡುವೆ ನೇರವಾಗಿ ಹೊಡೆದ ಕರಿ ಶಿಕ್ಕಾ. ಅಂಚಿನಲ್ಲಿ ಊರ ಹೆಸರು ಸ್ಪಷ್ಟ. ಉಂಗುರದ ಎಡಗಡೆ ಕೆಳಗೆ ಚೂರು ಖಾಲಿ. ನಡುವೆ ತಾರೀಖಿನ ಜಾಗದಲ್ಲಿ ಏನೂ ಇಲ್ಲ, ಅಂಕಿ ತೆಗೆದಿಟ್ಟು ಹೊಡೆದಂತೆ. ನಾನು ಮುಟ್ಟಿದೆ. ಹೆಬ್ಬೆರಳಿಗೆ ಮಸಿ ಹತ್ತಿತು.

ಮಲ್ಲಪ್ಪ ಬಾಗಿ ನೋಡಿದ, ನನ್ನ ಬೆರಳು ನೋಡಿದ, ಎರಡು ಹೆಜ್ಜೆ ಹಿಂದಕ್ಕೆ ಸರಿದ. “ಲೇ, ನೀ ಹೊಡದೀಯೇನಲೇ?” ಎಂದು ಮೆಲ್ಲಗೆ ಕೇಳಿದ. ಅವನು ಹಾಗೆ ಕೇಳಿದ್ದು ತಪ್ಪಲ್ಲ. ನಾನಿದ್ದರೂ ಮೊದಲು ಅದನ್ನೇ ಕೇಳುತ್ತಿದ್ದೆ.

ಕಾಕುವಿಗೆ ಓದು ಬಾರದು. “ಊರ ಹೆಸರ ಐತೇನು?” ಎಂದಳು. ಐತಿ ಎಂದೆ. “ಮುಕ್ಕ ಐತೇನು?” ಐತಿ ಎಂದೆ. ಅವಳು ಕಟ್ಟೆಯ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ಅಳಲಿಲ್ಲ. “ಮುಟ್ಟಿದ,” ಎಂದಳು.

ನಾನು ಫೋನು ತೆಗೆದು ಆ ಪುಟದ ಫೋಟೋ ಹಿಡಿದೆ. ಆಲ್ಬಮ್ಮನ್ನು ಎದೆಗೆ ಅವುಚಿಕೊಂಡೆ. ಇದನ್ನು ಹೂಳುವುದು ಹೇಗೆ? ಇದು ಪುರಾವೆ. ಮಸಿಯನ್ನು ಪರೀಕ್ಷೆ ಮಾಡಿಸಬೇಕು, ತಿಳಿದವರಿಗೆ ತೋರಿಸಬೇಕು. ಕಾಕು, ಇದನ್ನ ಮನಿಗೆ ಒಯ್ತೀನಿ ಎಂದೆ. ಅವಳು ಕೈ ಚಾಚಿ ಕೂತಿದ್ದಳು, ಕೈ ಹಿಂದೆ ತೆಗೆಯಲಿಲ್ಲ.

“ಮುಟ್ಟಿದ ಟಪಾಲ ತಿರುಗಿ ಒಯ್ಯೂದಿಲ್ಲ ತಮ್ಮಾ,” ಎಂದಳು. “ನಿಮ್ಮ ಕಾಕಾ ಹೇಳಿರಲಿಲ್ಲೇನು?”

ಹೇಳಿದ್ದ. ಕೊಟ್ಟೆ. ಕೊಡುವ ಮೊದಲು ಅವಳು ಇನ್ನೊಂದು ಕೆಲಸ ಮಾಡಿಸಿದಳು. ಕಾಕಾನ ಚೌಕಗಳ ಕೆಳಗೆ ಎರಡು ಚೌಕ ಗೆರೆ ಹೊಡಿ ಎಂದಳು. “ನಂದು. ಯಾರಿಗ್ಗೊತ್ತು, ಜೀಪ ಒಂದ ದಿನಾ ಮದಲ ಬಂದಗಿಂದೀತು.” ಪೆನ್ಸಿಲ್ ಇರಲಿಲ್ಲ. ಕಿಸೆಯ ಬಾಲ್ ಪೆನ್ನಿನಿಂದ ಎರಡು ಚೌಕ ಬರೆದೆ. ತೊಡೆಯ ಮೇಲಿಟ್ಟು ಬರೆದದ್ದರಿಂದ ಸೊಟ್ಟಗಾದವು. ಕಾಕು ವಿಭೂತಿ ಹಚ್ಚಿ, ಸೀರೆಯ ತುಂಡಿನಲ್ಲಿ ಸುತ್ತಿ, ತಾನೇ ತಗ್ಗಿನಲ್ಲಿಟ್ಟಳು. ಮಲಗಿಸಲಿಲ್ಲ, ಕಲ್ಲಿಗೆ ಆನಿಸಿ ನೆಟ್ಟಗೆ ಕೂಡಿಸಿದಳು. ಮೂವರೂ ಮಣ್ಣು ಹಾಕಿದೆವು. ಮನೆಗೆ ಹೋಗಿ ಅವಳು ದೀಪ ತೆಗೆದಳು. ಅಂದು ಎರಡು ರೊಟ್ಟಿ ಉಂಡಳು.

ನನ್ನ ಹೆಬ್ಬೆರಳಿನ ಮಸಿ ಸಾಬೂನಿಗೆ ಹೋಗಲಿಲ್ಲ, ತಾನಾಗಿಯೇ ಹೋಗುವವರೆಗೂ ಇತ್ತು. ಎಲ್ಲಿ ಹೆಬ್ಬಟ್ಟು ಒತ್ತಿ ಬಂದಿರಿ, ಯಾವ ಆಸ್ತಿ ಬರೆದುಕೊಟ್ಟಿರಿ ಎಂದು ಮನೆಯಾಕೆ ವಿಚಾರಣೆ ಮಾಡಿದಳು. ಮೊದಲ ಪುಟದ ಹಿಂದಿನ ಫೋಟೋ, ಹೊಸ ಫೋಟೋ ಎರಡನ್ನೂ ಜೋಡಿಸಿ ಹುಬ್ಬಳ್ಳಿಗೆ ಕಳಿಸಿದೆ. ಸಂಗ್ರಾಹಕರು ಬಹಳ ಹೊತ್ತಿನ ಮೇಲೆ ಫೋನು ಮಾಡಿದರು. “ಶಿಕ್ಕಾ ಖರೇದೈತ್ರಿ, ಬ್ಯಾರೆ ಪುಟದ ಶಿಕ್ಕಾಕ್ಕ ಕೂದಲೆಳಿ ಫರಕ ಇಲ್ಲ. ಆದ್ರ ಸಾಹೇಬ್ರ, ಖಾಲಿ ಚೌಕ ತುಂಬಸಾಕ ಹಿಂಗ ಮಾಡಬಾರದಿತ್ರಿ,” ಎಂದರು. ಆಮೇಲೆ ಅವರು ನನ್ನ ಫೋನು ತೆಗೆದುಕೊಂಡಿಲ್ಲ.

ಮುಚ್ಚಿದ ಕಚೇರಿಯ ಶಿಕ್ಕಾ ಏನಾಗುತ್ತದೆ ಎಂದು ಟಪಾಲಿನ ಕೆಲಸ ಮಾಡಿ ನಿವೃತ್ತರಾದ ಪರಿಚಿತರೊಬ್ಬರನ್ನು ಕೇಳಿದೆ. ಅದನ್ನು ಕೆಡಿಸಿಬಿಡುತ್ತಾರೆ, ಮತ್ತೆ ಯಾರೂ ಬಳಸುವಂತಿರುವುದಿಲ್ಲ ಎಂದರು. ಕಾಕಾ ಇನ್ನೊಂದನ್ನು ಮಾಡಿಸಿಟ್ಟಿದ್ದನೇ, ಕಾಕು ಅದನ್ನು ಸೆರಗಿನಲ್ಲಿ ತಂದಿದ್ದಳೇ, ಮಲ್ಲಪ್ಪನದೇ ಆಟವೇ? ಮೂರನ್ನೂ ಮನಸ್ಸಿನ ಕಟಕಟೆಯಲ್ಲಿ ನಿಲ್ಲಿಸಿ ನೋಡಿದೆ. ಒಂದೂ ನಿಲ್ಲಲಿಲ್ಲ. ಬೇರೆ ವಾದವೂ ನನ್ನ ಬಳಿ ಇಲ್ಲ.

ಕಾಕು ಅದೇ ಮಳೆಗಾಲದಲ್ಲಿ ತೀರಿಕೊಂಡಳು. ಕಾಕಾನ ಮಗ್ಗುಲಲ್ಲಿ ಜಾಗವಿರಲಿಲ್ಲ. ನಡುವೆ ಇನ್ನೊಬ್ಬರು ಕುಳಿತಿದ್ದರು. ಮಣ್ಣು ಕೊಟ್ಟು ಬಂದ ಮೇಲೆ ಅವಳ ಟ್ರಂಕು ತೆಗೆದು ಬುಡದವರೆಗೆ ನೋಡಿದೆ. ಸೀರೆಗಳು, ಒಂದು ಕುಪ್ಪಸದ ಖಣ, ಕಾಕಾನ ಕನ್ನಡಕ. ಶಿಕ್ಕಾ ಇರಲಿಲ್ಲ. ಸಂಜೆ ಹೆಂಗಸರು ಹಿಟ್ಟು ಸಾಣಿಸಲು ಕೂತಾಗ 'ಕೊಡ್ರಿ ಇಲ್ಲೆ' ಎಂದು ನಾನೇ ಇಸಿದುಕೊಂಡೆ. ನನ್ನ ಕೈಯಾರೆ ನುಣ್ಣಗೆ ಹರವಿ, ನನ್ನ ಕೈಯಾರೆ ಬುಟ್ಟಿ ಮುಚ್ಚಿ, ಬಾಗಿಲಿಗೆ ಕೀಲಿ ಹಾಕಿ ಕೀಲಿಯನ್ನು ಜನಿವಾರವಿಲ್ಲದ ನನ್ನ ಕೊರಳಿಗೆ, ಶಿವದಾರದ ಜೊತೆ ಕಟ್ಟಿಕೊಂಡೆ.

ಮುಂಜಾನೆ ಹಿಟ್ಟಿನ ಮೇಲೆ ಉಂಗುರ ಬಿದ್ದಿತ್ತು. ಎಡಗಡೆ ಕೆಳಗೆ ಚೂರು ಖಾಲಿ.

ಎರಡನೆಯದು, ಮುಟ್ಟಿದ ಶಿಕ್ಕಾ, ಬಿದ್ದಿದೆಯೇ ಎಂದು ನೋಡಲು ಆಲ್ಬಮ್ ಹೂತ ಕಟ್ಟೆಗೇ ಹೋಗಬೇಕು. ಮುಂದಿನ ಬೇಸಗೆಯಲ್ಲಿ ಮಲ್ಲಪ್ಪನನ್ನು ಕರೆದುಕೊಂಡು ಹೋದೆ. ಗೌಡರ ಮನೆಯ ತಳಪಾಯದವರೆಗೆ ಮಾತ್ರ ಹೋಗಲಾಯಿತು, ಅದರಾಚೆ ನೀರಿತ್ತು. ಅದರ ಮುಂದಿನ ಬೇಸಗೆಯಲ್ಲಿ ಅಷ್ಟೂ ಕಾಣಲಿಲ್ಲ. ಕಾಕುವಿನ ಮನೆಯಲ್ಲಿ ದೀಪಕ್ಕೆ ಎಣ್ಣೆ ಹಾಕಲು ನೆರೆಯವರಿಗೆ ಹೇಳಿದ್ದೇನೆ. ಈ ವರ್ಷವೂ ನೀರು ಆ ಕಟ್ಟೆಯವರೆಗೆ ಇಳಿಯಲಿಲ್ಲ.